ನೆಲ ಮುಟ್ಟದ ನಡುಚಕ್ರ

“ಈಗ ತಿರುಗಿಸು,” ಎಂದರು ಮೇಷ್ಟ್ರು.

ನನ್ನ ಅಕ್ಕನ ಮಗಳು ಪುಟ್ಟಿ ರೋಬೋಟ್ ಸ್ಪರ್ಧೆಯ ಫೈನಲಿಗೆ ಬಂದಿದ್ದ ಈ ತಂಡದ ಕ್ಯಾಪ್ಟನ್. ಅವಳು ಕೈಯಲ್ಲಿದ್ದ ರಿಮೋಟಿನ ಒಂದು ಕಡ್ಡಿಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಒತ್ತಿದಳು. ಅಭ್ಯಾಸದ ಕಾರ್ಪೆಟ್ಟಿನ ಮೇಲಿದ್ದ ರೋಬೋಟ್ ಒಮ್ಮೆ ಗುಟುರು ಹಾಕಿತು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು, ಅಂಗೈಯಗಲ ತಿರುಗಿತೋ ಇಲ್ಲವೋ, ದೀಪಗಳೆಲ್ಲ ಆರಿ ನಿಂತುಬಿಟ್ಟಿತು.

ಅದಕ್ಕೆ ಈ ಮಕ್ಕಳು ಇಟ್ಟ ಹೆಸರು ಬುಗುರಿ. ನಿಂತಲ್ಲೇ ಗಿರಗಿರನೆ ತಿರುಗಲಿ ಎಂಬ ಆಸೆಯಿಂದ ಇಟ್ಟದ್ದು. ನೇರ ಓಡು ಎಂದರೆ ಓಡುತ್ತಿತ್ತು, ತಿರುಗು ಎಂದರೆ ಮಾತ್ರ ಪ್ರಾಣ ಬಿಡುತ್ತಿತ್ತು.

ಎಲ್ಲರೂ ಬುಗುರಿಯನ್ನು ಬಿಟ್ಟು ನನ್ನನ್ನೇ ನೋಡಿದರು.

ನೋಡದೆ ಇನ್ನೇನು ಮಾಡುತ್ತಾರೆ? ಬೆಳಿಗ್ಗೆಯಷ್ಟೇ ಇದೇ ಜಾಗದಲ್ಲಿ ಕತ್ತರಿಸಿದ ವೈರೊಂದನ್ನು ಎತ್ತಿ ಹಿಡಿದು, ಬುಗುರಿಯನ್ನು ಕೆಡಿಸಿದವಳು ವೈರಿಂಗ್ ನೋಡಿಕೊಳ್ಳುವ ಹುಡುಗಿಯೇ ಎಂದು ತೀರ್ಪು ಕೊಟ್ಟವಳು ನಾನು. ಈಗ ಆ ವೈರನ್ನು ಹೊಸದಾಗಿ ಜೋಡಿಸಿಯಾಗಿತ್ತು. ಬ್ಯಾಟರಿಯೂ ಹೊಸದು. ರೋಗ ಮಾತ್ರ ಹಳೆಯದೇ.

ಕಾರ್ಪೆಟ್ಟಿನ ಅಂಚನ್ನು ಕಾಲಿನಿಂದ ಸರಿಮಾಡುವವಳಂತೆ ತಲೆ ಬಗ್ಗಿಸಿಕೊಂಡೆ.

ಸುಟ್ಟ ಕಾರ್ಖಾನೆ, ಸಿಡಿದ ಬಾಯ್ಲರು, ಕೆಟ್ಟ ಲಿಫ್ಟು ನೋಡಿ ತಪ್ಪು ಯಾರದ್ದೆಂದು ವಿಮೆ ಕಂಪನಿಗೆ ಹೇಳುವುದು ನನ್ನ ಕಸುಬು. ನನ್ನ ಬಾಯಿಂದ ಒಂದು ಮಾತು ಬಂದರೆ ದೊಡ್ಡ ದೊಡ್ಡ ಮ್ಯಾನೇಜರುಗಳು ಬೆವರುತ್ತಾರೆ. ಆ ಜಂಭವನ್ನೆಲ್ಲ ಹೊತ್ತುಕೊಂಡು ಬಂದು ಹತ್ತೊಂಬತ್ತರ ಹುಡುಗಿಯೊಬ್ಬಳ ಮೇಲೆ ಗೂಬೆ ಕೂರಿಸಿದ್ದೆ.

ಅವಳನ್ನು ತಂಡದಲ್ಲಿ ಮಿಂಚು ಎನ್ನುತ್ತಾರೆ. ಪುಟ್ಟಿಯ ಬಾಲ್ಯದ ಗೆಳತಿ. ನಮ್ಮ ಮನೆಯಲ್ಲೇ ಉಂಡು, ನಮ್ಮ ಮನೆಯಲ್ಲೇ ನಿದ್ದೆ ಮಾಡಿ, ನನ್ನನ್ನು ಪುಟ್ಟಿಯ ಹಾಗೇ ಚಿಕ್ಕಮ್ಮ ಎಂದು ಕರೆದು ಬೆಳೆದವಳು.

“ನಾನು ಕರೆಂಟು ಅಳೀತಿದ್ದೆ ಚಿಕ್ಕಮ್ಮ. ಮಧ್ಯೆ ಮೀಟರ್ ಹಾಕೋಕೆ ಕತ್ತರಿಸಿದ್ದು,” ಎಂದಿದ್ದಳು.

“ದರ್ಜಿ ಕೂಡ ಅಳೆದಮೇಲೆ ಕತ್ತರಿಸ್ತಾನೆ. ನೀನು ಕತ್ತರಿಸಿ ಅಳೆಯೋಳು!” ಎಂದಿದ್ದೆ ನಾನು.

ಎಲ್ಲರೂ ನಕ್ಕಿದ್ದರು. ಪಕ್ಕದ ತಂಡದವರೂ ನಕ್ಕಿದ್ದರು. ನನಗೂ ನನ್ನ ಮಾತು ಬಹಳ ಚೆನ್ನಾಗಿದೆ ಅನ್ನಿಸಿತ್ತು. ಮಿಂಚು ಒಮ್ಮೆ ಪುಟ್ಟಿಯ ಮುಖ ನೋಡಿ, ತಲೆ ತಗ್ಗಿಸಿ, ಕತ್ತಿನಲ್ಲಿದ್ದ ತಂಡದ ಪಾಸು ತೆಗೆದು ಮೇಜಿನ ಮೇಲಿಟ್ಟು ಹೊರಗೆ ಹೋಗಿದ್ದಳು. ಮೇಷ್ಟ್ರು ಹೋಗಿ ತೀರ್ಪುಗಾರರಿಗೆ ದೂರು ಕೊಟ್ಟು ಬಂದಿದ್ದರು. ಫೈನಲಿಗೆ ಮುಂಚೆ ವಿಚಾರಣೆ. ತಪ್ಪು ಸಾಬೀತಾದರೆ ಅವಳು ಇನ್ನೆಂದೂ ಯಾವ ತಂಡದಲ್ಲೂ ರೋಬೋಟ್ ಮುಟ್ಟುವ ಹಾಗಿಲ್ಲ.

“ಲ್ಯಾಪ್‌ಟಾಪ್ ಕೊಡು,” ಎಂದೆ ಪುಟ್ಟಿಗೆ.

“ಬೆಳಿಗ್ಗೆ ನೋಡಿದ್ರಲ್ಲ?”

“ನೋಡಿದ್ದೆ. ಕಣ್ಣು ಬಿಟ್ಟು ನೋಡಿರಲಿಲ್ಲ.”

ಬುಗುರಿ ಎಷ್ಟು ಕರೆಂಟು ಎಳೆಯಿತು ಎಂಬುದನ್ನು ತೋರಿಸುವ ಕೆಂಪು ಗೆರೆ ಪರದೆಯ ಮೇಲೆ ಮೂಡಿತು. ನೇರ ಓಡುವಾಗ ಗೆರೆ ತಣ್ಣಗೆ ಮಲಗಿತ್ತು. ತಿರುಗು ಎಂದ ಕ್ಷಣ ಐದು ಪಟ್ಟು ಮೇಲೆದ್ದಿತ್ತು. ಅಷ್ಟನ್ನು ಕೊಡಲಾರದೆ ಬ್ಯಾಟರಿ ಕುಸಿದಿತ್ತು, ಬ್ಯಾಟರಿ ಕುಸಿದಾಗ ಯಂತ್ರದ ಮಿದುಳು ಕಣ್ಣು ಮುಚ್ಚಿತ್ತು.

ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಏನಾಯ್ತು?” ಎಂದರು ಮೇಷ್ಟ್ರು.

“ವೈರು ಕೆಟ್ರೆ ಕರೆಂಟು ಹೋಗೋಕೆ ದಾರಿ ಇರಲ್ಲ. ಯಂತ್ರ ಉಪವಾಸ ಬೀಳತ್ತೆ. ಇದು ಉಪವಾಸ ಬಿದ್ದಿಲ್ಲ ಮೇಷ್ಟ್ರೇ. ಹೊಟ್ಟೆ ಬಿರಿಯೋಷ್ಟು ತಿಂದಿದೆ.”

“ಅಂದ್ರೆ?”

“ಅಂದ್ರೆ ಅದರ ಮೇಲೆ ಏನೋ ಭಾರ ಬೀಳ್ತಿದೆ. ಮಿಂಚು ಅಳೀತಿದ್ದದ್ದು ಇದನ್ನೇ.”

ಮೇಷ್ಟ್ರು ಗಣಿತ ಹೇಳಿಕೊಡುವವರು. ಈ ತಂಡಕ್ಕೆ ತರಬೇತಿ ಕೊಡುವ ಕೆಲಸ ಅವರ ತಲೆಗೆ ಬಂದದ್ದು ಕಾಲೇಜಿನಲ್ಲಿ ಬೇರೆ ಯಾರೂ ಒಪ್ಪದ್ದರಿಂದ. ಆದರೆ ಲೆಕ್ಕ ತಪ್ಪಿದಾಗ ಮುಖ ಬಿಳಿಚಿಕೊಳ್ಳುವಷ್ಟು ಪ್ರಾಮಾಣಿಕರು. ಈಗ ಬಿಳಿಚಿಕೊಂಡರು.

“ದೂರು ಕೊಟ್ಟುಬಿಟ್ಟಿದ್ದೀನಲ್ಲ,” ಎಂದರು.

“ಮೊದಲು ರೋಗ ಹುಡುಕೋಣ. ಬರಿಗೈಯಲ್ಲಿ ಹೋಗಿ ಬೆಳಿಗ್ಗೆ ಹೇಳಿದ್ದು ಸುಳ್ಳು ಅಂದ್ರೆ ಯಾರು ನಂಬ್ತಾರೆ?”

ಬುಗುರಿಯನ್ನು ಇಬ್ಬರು ಹುಡುಗರು ಎತ್ತಿ ಸ್ಟ್ಯಾಂಡಿನ ಮೇಲಿಟ್ಟರು. ಒಂದೊಂದು ಬದಿಗೆ ಮೂರು ಚಕ್ರ, ಒಟ್ಟು ಆರು. ಆರೂ ಗಾಳಿಯಲ್ಲಿ. ಕಾರಿನ ಹಾಗೆ ಮುಂದಿನ ಚಕ್ರ ಹೊರಳಿಸುವ ಏರ್ಪಾಡು ಇದಕ್ಕಿಲ್ಲ. ಎಡಗಡೆಯವು ಮುಂದಕ್ಕೆ, ಬಲಗಡೆಯವು ಹಿಂದಕ್ಕೆ ಓಡಿದರೆ ಯಂತ್ರ ನಿಂತಲ್ಲೇ ತಿರುಗಬೇಕು.

“ಒತ್ತು.”

ಪುಟ್ಟಿ ಒತ್ತಿದಳು. ಆರೂ ಚಕ್ರಗಳು ಬೆಣ್ಣೆಯಲ್ಲಿ ಕೈಯಾಡಿಸಿದಷ್ಟು ಸಲೀಸಾಗಿ ತಿರುಗಿದವು. ಗೆರೆ ಮೇಲೇಳಲಿಲ್ಲ. ಮೋಟಾರು, ಗೇರು, ಚೈನು, ವೈರು ಎಲ್ಲವೂ ನಿರಪರಾಧಿಗಳು.

ಕಾರ್ಪೆಟ್ ಇಲ್ಲದ ನುಣ್ಣನೆ ನೆಲದ ಮೇಲಿಟ್ಟೆವು. ಗೊಣಗಿಕೊಂಡೇ ತಿರುಗಿತು. ಮತ್ತೆ ಕಾರ್ಪೆಟ್ಟಿನ ಮೇಲಿಟ್ಟೆವು. ಗುಟುರು, ನಡುಕ, ಸಾವು.

“ನುಣ್ಣನೆ ನೆಲದಲ್ಲಿ ಚಕ್ರ ಅಡ್ಡಡ್ಡ ಜಾರತ್ತೆ. ಕಾರ್ಪೆಟ್ ಜಾರೋಕೆ ಬಿಡಲ್ಲ,” ಎಂದರು ಮೇಷ್ಟ್ರು ತಮ್ಮಷ್ಟಕ್ಕೆ. “ಆದ್ರೆ ಅದಕ್ಕೇ ಅಂತ ನಾನು ನಡುಚಕ್ರಾನ ಒಂದು ನಾಣ್ಯದ ದಪ್ಪ ಕೆಳಗೆ ಕೂರಿಸಿದ್ನಲ್ಲ!”

“ಅದರಿಂದ ಏನಾಗತ್ತೆ?”

“ಭಾರ ಎಲ್ಲ ನಡುವಿನ ಎರಡು ಚಕ್ರದ ಮೇಲೆ ನಿಲ್ಲತ್ತೆ. ಮೂಲೆಯವು ನೆಲಕ್ಕೆ ಸುಮ್ನೆ ಸವರಿಕೊಂಡು ಹೋಗ್ತವೆ, ತಿರುಗೋದು ಸಲೀಸು. ಮೂಲೆ ಚಕ್ರಗಳೇ ಭಾರ ಹೊತ್ತು ನಿಂತ್ರೆ ನಾಲ್ಕೂ ನೆಲ ಕಚ್ಚಿಕೊಂಡು ಅಡ್ಡಡ್ಡ ಎಳೆದಾಡ್ತವೆ.”

ನನ್ನ ಮಂಡಿಗಳು ನೆಲದ ಮೇಲೆ ಕೂರುವ ವಯಸ್ಸನ್ನು ದಾಟಿವೆ. ಆದರೂ ಎಲ್ಲರ ಮುಂದೆ ಬೋರಲು ಮಲಗಿದೆ. ಬೆಳಿಗ್ಗೆ ನಾನು ಮಾಡಬೇಕಿದ್ದ ಕೆಲಸ ಇದು. ಆಗ ಬಟ್ಟೆ ಕೊಳೆಯಾಗುತ್ತದೆಂದು ಕುರ್ಚಿಯಿಂದ ಏಳದೆ ಅಪರಾಧಿಯನ್ನು ಹುಡುಕಿದ್ದೆ.

ಕೈಗೆ ಕಾಗದ ಬೇಕಿತ್ತು. ಸಿಕ್ಕಿದ್ದು ನನ್ನದೇ ವಿಸಿಟಿಂಗ್ ಕಾರ್ಡು. ಮುಂದಿನ ಮೂಲೆಯ ಚಕ್ರದ ಕೆಳಗೆ ತೂರಿಸಲು ನೋಡಿದೆ, ಹೋಗಲಿಲ್ಲ. ಹಿಂದಿನ ಮೂಲೆಯದರ ಕೆಳಗೂ ಹೋಗಲಿಲ್ಲ. ನಡುಚಕ್ರದ ಕೆಳಗೆ ತೂರಿಸಿದೆ.

ಕಾರ್ಡು ಸರ್ರನೆ ಒಳಗೆ ಹೋಗಿ ಆಚೆ ಬದಿಯಿಂದ ಹೊರಬಂತು.

“ಮೇಷ್ಟ್ರೇ, ನಿಮ್ಮ ನಡುಚಕ್ರ ನೆಲಾನೇ ಮುಟ್ಟಿಲ್ಲ.”

ಅವರೂ ಪಕ್ಕದಲ್ಲಿ ಮಲಗಿದರು. ನಾವಿಬ್ಬರೂ ಮಂಚದ ಕೆಳಗೆ ಚಪ್ಪಲಿ ಹುಡುಕುವವರ ಹಾಗೆ ಕಾಣುತ್ತಿದ್ದಿರಬೇಕು. ಯಾರಿಗೂ ನಗು ಬರಲಿಲ್ಲ.

ಅವರ ಟಾರ್ಚಿನ ಬೆಳಕಿನಲ್ಲಿ ಎಲ್ಲ ನಿಚ್ಚಳವಾಯಿತು. ಚಕ್ರಗಳ ಸುತ್ತ ಸುತ್ತುವ ರಬ್ಬರ್ ಪಟ್ಟಿ ನಾಲ್ಕು ಮೂಲೆಗಳಲ್ಲೂ ಹೊಚ್ಚ ಹೊಸದು, ಕಪ್ಪಗೆ, ದಪ್ಪಗೆ, ಇನ್ನೂ ಅಂಟಿನ ವಾಸನೆ ಹೊಡೆಯುತ್ತಿತ್ತು. ಪಕ್ಕದ ತಗಡಿನ ಮರೆಯಲ್ಲಿದ್ದ ನಡುಚಕ್ರದ ಪಟ್ಟಿ ಮಾತ್ರ ಹಳೆಯದು. ತಿಂಗಳುಗಟ್ಟಲೆ ಅಭ್ಯಾಸದಲ್ಲಿ ಸವೆದು ಬೂದು ಬಣ್ಣಕ್ಕೆ ತಿರುಗಿತ್ತು. ಮೂಲೆಗಳು ಎತ್ತರವಾಗಿದ್ದವು, ನಡು ತಗ್ಗಾಗಿತ್ತು. ಮೇಷ್ಟ್ರ ನಾಣ್ಯದ ದಪ್ಪ ಅಲ್ಲೇ ಕರಗಿಹೋಗಿತ್ತು.

“ತೀರ್ಪುಗಾರರು ತಪಾಸಣೆ ಮಾಡಿದ ದಿನ ಆರೂ ಹಳೇವೇ ಇದ್ವು. ನಾನೇ ನಿಂತು ತೋರಿಸಿದ್ದೆ,” ಎಂದರು ಮೇಷ್ಟ್ರು. “ಆಮೇಲೆ ಯಾರೋ ಹಾಕಿದ್ದಾರೆ. ನಂಗೆ ಹೇಳಿಲ್ಲ. ತೀರ್ಪುಗಾರರಿಗೂ ಹೇಳಿಲ್ಲ.”

“ಹಾಗೆ ಹಾಕಿದ್ರೆ?”

“ನಿಯಮ ಇದೆ. ತಪಾಸಣೆ ಆದ್ಮೇಲೆ ಹೇಳದೆ ಯಂತ್ರ ಮುಟ್ಟಿದ್ದು ಸದಸ್ಯರಾದ್ರೆ ಅವರೊಬ್ಬರು ಹೊರಗೆ. ಕ್ಯಾಪ್ಟನ್ ಆದ್ರೆ...”

ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ತಲೆಯೆತ್ತಿ ಹಿಂದೆ ನೋಡಿದೆ. ರಿಮೋಟ್ ಮೇಜಿನ ಮೇಲಿತ್ತು. ಪುಟ್ಟಿ ಇರಲಿಲ್ಲ.

ತೀರ್ಪುಗಾರರ ಒಪ್ಪಿಗೆ ಸಿಕ್ಕ ಕೂಡಲೇ ಹೊಸ ಪಟ್ಟಿಗಳನ್ನು ಕಿತ್ತುಹಾಕಲು ಮೇಷ್ಟ್ರಿಗೆ ಹೇಳಿ, ಪುಟ್ಟಿಯನ್ನು ಹುಡುಕಲು ಎದ್ದೆ.

ಬ್ಯಾಟರಿ ಚಾರ್ಜು ಮಾಡುವ ಕೋಣೆ ಸಭಾಂಗಣದ ಹಿಂದಿತ್ತು. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಬೇರೆ ಬೇರೆ ತಂಡಗಳ ಬ್ಯಾಟರಿಗಳು, ಸಣ್ಣಗೆ ಗುಂಯ್‌ಗುಡುವ ಚಾರ್ಜರುಗಳು. ಪುಟ್ಟಿ ಒಂದು ತಲೆಕೆಳಗಾದ ಪೆಟ್ಟಿಗೆಯ ಮೇಲೆ ಕೂತು ಉಗುರಿನ ಸಂದಿಯಿಂದ ಒಣಗಿದ ಅಂಟು ಕೆರೆಯುತ್ತಿದ್ದಳು.

ನಾನು ಏನೂ ಕೇಳುವ ಮೊದಲೇ, “ನಾನೇ ಹಾಕಿದ್ದು,” ಎಂದಳು.

ಕೇಳುವ ಮೊದಲೇ ಒಪ್ಪಿಕೊಂಡರೆ ಪತ್ತೇದಾರರಿಗೆ ಖುಷಿಯಾಗಬೇಕು. ನನಗೆ ಆಗಲಿಲ್ಲ.

“ಯಾಕೆ?”

“ಹಳೇ ಪಟ್ಟಿ ಸವೆದಿತ್ತು. ಫೈನಲಲ್ಲಿ ಎದುರಿನವರು ತಳ್ಳಿದ್ರೆ ಜಾರಬಾರದು ಅಂತ. ನನ್ನ ಹತ್ರ ಇದ್ದ ರಬ್ಬರ್ ನಾಲ್ಕು ಚಕ್ರಕ್ಕೆ ಆಗೋಷ್ಟೇ ಇತ್ತು. ನಡುವಿನದ್ದು ಬಿಚ್ಚೋಕೆ ಪಕ್ಕದ ತಗಡೆಲ್ಲ ತೆಗೀಬೇಕು. ಯಾರಿಗೂ ಕಾಣಲ್ವಲ್ಲ ಅಂತ ಬಿಟ್ಟೆ.”

“ಹೇಳಬೇಕಿತ್ತು.”

“ಹೇಳಿದ್ರೆ ಮತ್ತೆ ತಪಾಸಣೆ, ಮತ್ತೆ ಸಾಲು. ಅಭ್ಯಾಸದ ಸರದಿ ತಪ್ಪೋಗ್ತಿತ್ತು. ಒಳ್ಳೇದು ಮಾಡೋಕೆ ಹೋಗಿ ಎಡವಟ್ಟಾಯ್ತು ಚಿಕ್ಕಮ್ಮ.”

ಇಷ್ಟಕ್ಕೇ ನಿಂತಿದ್ದರೆ ಬೈದು ಸುಮ್ಮನಾಗಬಹುದಿತ್ತು. ತಪ್ಪು ಯಾರೂ ಮಾಡುವಂಥದ್ದೇ. ನನ್ನನ್ನು ಕೊರೆಯುತ್ತಿದ್ದದ್ದು ಬೇರೆ ಮಾತು.

“ಮಿಂಚು ವೈರು ಕತ್ತರಿಸಿದ್ದು ಯಾಕೆ ಅಂತ ನಿನಗೆ ಗೊತ್ತಿತ್ತಾ?”

ಅವಳು ಉಗುರು ಕೆರೆಯುವುದನ್ನು ಬಿಡಲಿಲ್ಲ.

“ಪುಟ್ಟಿ. ಗೊತ್ತಿತ್ತಾ?”

“ನಾನೇ ಅಳಿ ಅಂದಿದ್ದೆ.”

“ಮತ್ತೆ ಬೆಳಿಗ್ಗೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ?”

“ನೀವು ಅಷ್ಟು ಖಡಾಖಂಡಿತವಾಗಿ ಹೇಳಿದ್ರಿ! ಎಲ್ಲರೂ ನಂಬಿದ್ರು. ಎಲ್ಲರೂ ನಕ್ಕರು. ನಂಗೆ...” ಕೆರೆದ ಅಂಟನ್ನು ನೆಲಕ್ಕೆ ಕೊಡವಿದಳು. “ನಂಗೆ ಸುಲಭ ಆಯ್ತು.”

ಆ ಮಾತು ನೇರವಾಗಿ ನನಗೇ ಬಂದು ತಾಗಿತು. ಕಳ್ಳದಾರಿ ಹುಡುಕುತ್ತಿದ್ದವಳಿಗೆ ಬಾಗಿಲು ತೆಗೆದು ಕೊಟ್ಟವಳು ನಾನೇ. ಆ ತಮಾಷೆಯ ಮಾತೊಂದನ್ನು ಆಡದೆ, ಮಿಂಚು ಹೇಳುವುದನ್ನು ಪೂರ್ತಿ ಕೇಳಿದ್ದರೆ ಪುಟ್ಟಿಗೂ ಸುಮ್ಮನಿರುವ ಧೈರ್ಯ ಬರುತ್ತಿರಲಿಲ್ಲ.

“ಅವಳು ನಿನ್ನ ಮುಖ ನೋಡಿದ್ಲು,” ಎಂದೆ.

“ನೋಡಿದ್ಲು.”

“ನೀನೇನು ಮಾಡ್ದೆ?”

“ಶೂ ಲೇಸು ಕಟ್ಕೊಂಡೆ.”

ನಾನು ಅವಳ ತೋಳು ಹಿಡಿದು ಎಬ್ಬಿಸಿದೆ.

“ನಡಿ. ತೀರ್ಪುಗಾರರ ಮುಂದೆ ಹೇಳು. ನಾನೂ ಹೇಳ್ತೀನಿ, ಬೆಳಿಗ್ಗೆ ನಾನು ಆಡಿದ್ದು ಶುದ್ಧ ತಪ್ಪು ಅಂತ.”

“ಕ್ಯಾಪ್ಟನ್ ಮುಟ್ಟಿದ್ರೆ ಇಡೀ ತಂಡ ಹೊರಗೆ ಚಿಕ್ಕಮ್ಮ. ವರ್ಷಪೂರ್ತಿ ದುಡಿದಿದ್ದಾರೆ ಎಲ್ಲರೂ. ನನ್ನಿಂದ...”

“ಮಿಂಚು ದುಡಿದಿಲ್ವಾ?”

ಅವಳು ಕಣ್ಣು ಒರೆಸಿಕೊಂಡಳು. “ಮುಖ ತೊಳ್ಕೊಂಡು ಬರ್ತೀನಿ. ನೀವು ನಡೀರಿ. ಖಂಡಿತ ಬರ್ತೀನಿ.”

ನಾನು ನಂಬಿದೆ. ಚಿಕ್ಕಮ್ಮಂದಿರು ನಂಬುತ್ತಾರೆ.

ತೀರ್ಪುಗಾರರ ಕೋಣೆಗೆ ಹೋಗುವ ಓಣಿಯಲ್ಲಿ ಜನ ಕಿಕ್ಕಿರಿದಿದ್ದರು. ಯಾರದೋ ರೋಬೋಟ್ ತಳ್ಳುಗಾಡಿಯ ಮೇಲೆ ಎದುರಾಯಿತು. ಬೆಳಿಗ್ಗೆ ನಕ್ಕಿದ್ದ ಪಕ್ಕದ ತಂಡದ ಹುಡುಗಿಯೊಬ್ಬಳು ನನ್ನನ್ನು ಕಂಡು, “ಆಂಟಿ, ದರ್ಜಿ ಜೋಕು ಸೂಪರ್!” ಎಂದಳು. ನಾನು ಗೋಡೆಗೆ ಒತ್ತಿಕೊಂಡು ದಾಟಿ ಹೋದೆ.

ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ನಾನು ತಪ್ಪಿದೆ. ಹುಡುಗಿ ನಿರಪರಾಧಿ. ಇಷ್ಟೇ ತಾನೆ? ಇಷ್ಟು ಹೇಳುವುದಕ್ಕೆ ನಾಲಿಗೆ ಯಾಕೆ ಒಣಗಬೇಕು?

ಬಾಗಿಲು ತೆರೆದೇ ಇತ್ತು. ಹಿರಿಯ ತೀರ್ಪುಗಾರರು ಮೇಜಿನ ಹಿಂದೆ ಕೂತಿದ್ದರು, ಕನ್ನಡಕ ಹಣೆಯ ಮೇಲೆ. ಎದುರು ಕುರ್ಚಿಯಲ್ಲಿ ಬೆನ್ನು ಮಾಡಿ ಕೂತಿದ್ದವಳು ಮಿಂಚು. ನನ್ನ ಚಪ್ಪಲಿಯ ಸದ್ದಿಗೇ ಗುರುತು ಸಿಕ್ಕಿರಬೇಕು, ಅವಳ ಭುಜಗಳು ಬಿಗಿದುಕೊಂಡವು. ತಿರುಗಿ ಮಾತ್ರ ನೋಡಲಿಲ್ಲ.

“ಬನ್ನಿ ಮೇಡಂ,” ಎಂದರು ಹಿರಿಯರು. “ನಾನೇ ನಿಮ್ಮನ್ನ ಕರೆಸೋಣ ಅಂತಿದ್ದೆ. ಆ ವೈರಿನ ವಿಷಯ ಇದೆಯಲ್ಲ, ಅದು ತಪ್ಪೇ ಅಲ್ಲ. ಮೀಟರ್ ಹಾಕೋಕೆ ಕತ್ತರಿಸ್ಲಾ ಅಂತ ಈ ಹುಡುಗಿ ಮೊದಲೇ ಬಂದು ನಮ್ಮನ್ನ ಕೇಳಿದ್ಲು. ನಾವೇ ಒಪ್ಪಿದ್ದು.”

ಇವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಓಣಿ ದಾಟಿ ಬಂದು ಕೇಳುವಷ್ಟು ಪುರುಸೊತ್ತು ನನಗಿರಲಿಲ್ಲ, ನಗಿಸುವಷ್ಟು ಇತ್ತು.

“ಹೌದು ಸರ್,” ಎಂದೆ. “ನಾನು ಅದಕ್ಕೇ ಬಂದೆ. ಬೆಳಿಗ್ಗೆ ನಾನು ಹೇಳಿದ್ದೆಲ್ಲ...”

“ಒಂದು ನಿಮಿಷ. ವೈರಿನ ದೂರು ಬಿಟ್ಟಾಕಿ, ನೀನು ಹೋಗಮ್ಮ ಅಂದೆ. ಇವಳು ಹೋಗ್ಲಿಲ್ಲ. ಬೇರೆ ಒಂದು ವಿಷಯ ಒಪ್ಕೊಂಡ್ಲು.”

“ಏನು ಒಪ್ಕೊಂಡ್ಲು?”

“ತಪಾಸಣೆ ಆದ್ಮೇಲೆ ಮೂಲೆ ಚಕ್ರಕ್ಕೆ ಹೊಸ ರಬ್ಬರ್ ಹಾಕಿದ್ದು ತಾನೇ ಅಂತ. ಯಾರಿಗೂ ಹೇಳದೆ.”

ನಾನು ಮೇಜಿನ ಅಂಚು ಹಿಡಿದುಕೊಂಡೆ.

ಅವಳಿಗೆ ಗೊತ್ತಿತ್ತು. ಮೀಟರ್ ಹಿಡಿದು ಬುಗುರಿಯ ಪಕ್ಕ ಮಂಡಿಯೂರಿದಾಗಲೇ ಹೊಸ ರಬ್ಬರ್ ಕಂಡಿರಬೇಕು. ಅದು ಯಾರ ಕೈಕೆಲಸ ಎಂಬುದೂ ತಿಳಿದಿರಬೇಕು. ಬೆಳಿಗ್ಗೆ ನಾನು ಅಷ್ಟೊಂದು ಜನರ ಮುಂದೆ ಅವಳ ಮಾನ ಹರಾಜು ಹಾಕುತ್ತಿದ್ದಾಗಲೂ ಬಾಯಿ ಬಿಟ್ಟಿರಲಿಲ್ಲ.

“ಸುಳ್ಳು ಸರ್,” ಎಂದೆ. “ಇವಳು ಹಾಕಿಲ್ಲ.”

“ಹಾಕಿದ್ದು ನಾನೇ,” ಎಂದಳು ಮಿಂಚು, ಗೋಡೆ ನೋಡುತ್ತಲೇ. “ನನ್ನೊಬ್ಬಳನ್ನ ಹೊರಗೆ ಹಾಕಿ ಸರ್. ತಂಡ ಆಡ್ಲಿ.”

“ಮಿಂಚು, ಸುಮ್ನಿರು.”

“ಬೆಳಿಗ್ಗೆ ಸುಮ್ನಿದ್ನಲ್ಲ ಚಿಕ್ಕಮ್ಮ.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹಿರಿಯರು ಕನ್ನಡಕವನ್ನು ಕಣ್ಣಿಗಿಳಿಸಿದರು. “ಇವಳಲ್ಲದಿದ್ರೆ ಮತ್ಯಾರು ಮೇಡಂ? ನಿಮಗೆ ಗೊತ್ತಾ?”

ಆಗ ಬಾಗಿಲಲ್ಲಿ ಹೆಜ್ಜೆಯ ಸದ್ದಾಯಿತು. ಪುಟ್ಟಿ ಬಂದಿದ್ದಳು. ಕೊಟ್ಟ ಮಾತು ಉಳಿಸಿಕೊಂಡಿದ್ದಳು. ಮುಖ ತೊಳೆದಿದ್ದಳು, ಕೂದಲ ತುದಿಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ನನ್ನ ಎದೆಯ ಮೇಲಿಂದ ಭಾರ ಇಳಿದಂತಾಯಿತು.

“ಹೇಳು ಪುಟ್ಟಿ,” ಎಂದೆ.

ಪುಟ್ಟಿ ಮಿಂಚುವಿನ ಬೆನ್ನನ್ನು ನೋಡಿದಳು. ಹಿರಿಯರನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

“ಅವಳು ಹೇಳಿದ್ದು ನಿಜ ಸರ್,” ಎಂದಳು. “ರಬ್ಬರ್ ಹಾಕಿದ್ದು ಮಿಂಚುನೇ.”

ಪುಟ್ಟಿ ನನ್ನ ಪಕ್ಕಕ್ಕೆ ಬಂದು, ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ಹಿಡಿಯುತ್ತಿದ್ದಂತೆ ನನ್ನ ಕಿರುಬೆರಳನ್ನು ಹಿಡಿದುಕೊಂಡಳು. ಬೆರಳುಗಳು ತಣ್ಣಗೆ ಕೊರೆಯುತ್ತಿದ್ದವು. ಅಕ್ಕ ನನ್ನ ಮಡಿಲಿಗೆ ಹಾಕಿ ಹೋದ ಮಗು ಅದು. ಎದುರಿಗೆ ಕೂತವಳು ಅದೇ ಮಡಿಲಲ್ಲಿ ಮಲಗಿ ಬೆಳೆದ ಇನ್ನೊಂದು ಮಗು.

“ಸರಿ, ಇಬ್ಬರೂ ಒಂದೇ ಮಾತು ಹೇಳ್ತಿದ್ದಾರೆ,” ಎಂದರು ಹಿರಿಯರು. “ಬೆಳಿಗ್ಗೆ ನೀವೂ ಇವಳದ್ದೇ ತಪ್ಪು ಅಂದಿದ್ರಿ. ಈಗ ಬೇರೆ ಹೇಳೋಕೆ ಬಂದಿರೋ ಹಾಗಿದೆ. ನಿಮ್ಮ ಮಾತು ಯಾವುದು ಮೇಡಂ?”

ಮಿಂಚು ಮೊದಲ ಸಲ ತಿರುಗಿ ನನ್ನ ಮುಖ ನೋಡಿದಳು.

ನಾನು ಬಾಯಿ ತೆರೆದೆ. ಪುಟ್ಟಿ ನನ್ನ ಬೆರಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.